ಹಟಕ್ಕೆ ಕಟ್ಟಿದ ಟ್ರಂಕು

ದಾರ್ ಎಸ್ ಸಲಾಮ್ ಬಂದರಿನಲ್ಲಿ ಉಣ್ಣೆಯ ಕೋಟು ತೊಟ್ಟು ಹಡಗಿನಿಂದ ಇಳಿದವಳು ನಾನೊಬ್ಬಳೇ. ಸುಂಕದ ಅಧಿಕಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಟ್ರಂಕು ತೆರೆಸಿದ. ಮೇಲೆ ಕಂಬಳಿ, ಅದರ ಕೆಳಗೆ ಎರಡು ಸ್ವೆಟರು, ಕಿವಿ ಮುಚ್ಚುವ ಟೋಪಿ. ಅವನು "ಪೋಲೆ" ಎಂದ. ಅಯ್ಯೋ ಪಾಪ ಎನ್ನುವುದಕ್ಕೆ ಇಲ್ಲಿಯವರು ಆಡುವ ಮಾತು ಅದು. ಎಡವಿದವರಿಗೂ ಹೇಳುತ್ತಾರೆ, ಗಂಡ ಸತ್ತವಳಿಗೂ ಹೇಳುತ್ತಾರೆ. ಅಂದು ನನಗೆ ಅರ್ಥವಾಗಲಿಲ್ಲ. ಬೆವರು ಮಾತ್ರ ಹಿಮ್ಮಡಿಯವರೆಗೆ ಇಳಿಯುತ್ತಿತ್ತು.

ಪರದೇಶವೆಂದರೆ ಚಳಿ ಎಂಬುದು ನಮ್ಮ ಭದ್ರಾವತಿಯ ಕ್ವಾರ್ಟರ್ಸಿನ ನಂಬಿಕೆ. ಸೇವಾ ಸಂಸ್ಥೆಯವರು ಕಳಿಸಿದ ಪಟ್ಟಿಯಲ್ಲಿ ಹತ್ತಿ ಬಟ್ಟೆ, ಸೊಳ್ಳೆ ಪರದೆ ಎಂದು ಸ್ಪಷ್ಟವಾಗಿಯೇ ಇತ್ತು. ಅವ್ವ ಅದನ್ನು ನಂಬಲಿಲ್ಲ.

"ನಮ್ ಕೈಲಿ ಕೊಳ್ಳಕ್ಕಾಗಲ್ಲ ಅಂತ ಕಮ್ಮಿ ಬರ್ದಿರ್ತಾರೆ, ನಿಂಗೇನ್ ಗೊತ್ತು ಮಾರಾಯ್ತಿ" ಎನ್ನುತ್ತ ಕಂಬಳಿ ತುರುಕಿದಳು. ನಾನು ತಡೆಯಲಿಲ್ಲ. ನನ್ನ ಗಮನವೆಲ್ಲ ಟ್ರಂಕಿನ ತಳದಲ್ಲಿತ್ತು. ಶಿವಮೊಗ್ಗದ ಅತ್ತೆ ಕೊಟ್ಟಿದ್ದ ಹಸಿರು ರೇಷ್ಮೆ ಸೀರೆಯನ್ನು ಅಲ್ಲಿ ಅಡಗಿಸಿದ್ದೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಅವರ ಮಗ ರುದ್ರೇಶ ಭಾವನಿಗೆ ನಾನೇ ಎಂದು ತೊಟ್ಟಿಲಲ್ಲೇ ಮಾತಾಗಿತ್ತು. ವೀಳ್ಯ ಬದಲಾಯಿಸಿ ಸೀರೆ ಉಡಿಸಿದ್ದೂ ಆಗಿತ್ತು. ಭಾವನ ಓದು ಮುಗಿಯಲೆಂದು ಮದುವೆ ಮುಂದೆ ಹೋಯಿತು. ಆ ಬಿಡುವಿನಲ್ಲಿ ನಾನು ನರ್ಸಿಂಗ್ ಕಲಿತೆ. ಒಂದು ದಿನ ಅತ್ತೆ ನಮ್ಮ ಪಡಸಾಲೆಯಲ್ಲಿ ಕೂತು, ನನ್ನೆದುರಿಗೇ ಅಪ್ಪನಿಗೆ ಹೇಳಿದರು: "ಕಂಡೋರ ಹೇಲು ಬಳಿಯೋ ಕೈಲಿ ನಮ್ಮನೇಲಿ ಲಿಂಗಪೂಜೆಗೆ ನೀರಿಡಕ್ಕಾಗುತ್ತೇನೋ? ನೀನೇ ಹೇಳು." ಭಾವ ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದ. ಲೋಟ ಕೆಳಗಿಡಲೂ ಇಲ್ಲ.

ಲಿಂಗ ಕಟ್ಟಿದವರಿಗೆ ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಈ ಐದೂ ಸೂತಕ ತಟ್ಟುವುದಿಲ್ಲ ಎಂದು ಚಿಕ್ಕಂದಿನಲ್ಲಿ ನನಗೆ ಕಲಿಸಿದವರು ಇದೇ ಅತ್ತೆ. ನನಗಾಗಿ ಆರನೆಯದನ್ನು ಹುಡುಕಿ ತಂದರು. ಆಮೇಲೆ ಭಾವನಿಗೆ ಬೇರೆ ಹೆಣ್ಣು ಗೊತ್ತುಮಾಡಿ, ಸೀರೆ ವಾಪಸು ಕಳಿಸಿ ಎಂದು ಹೇಳಿಕಳಿಸಿದರು. ಹೊಸ ಸೊಸೆಗೆ ಬೇಕಂತೆ. ಕೊಡಲಿಲ್ಲ. ಎರಡು ವರ್ಷದ ಸೇವೆಗೆ ಅರ್ಜಿ ಹಾಕಿದ್ದು ಕರುಣೆಯಿಂದಲ್ಲ, ಸಿಟ್ಟಿನಿಂದ. ಅತ್ತೆ ತಾವಾಗಿ ಕರೆಯುವವರೆಗೆ ಶಿವಮೊಗ್ಗಕ್ಕೆ ಕಾಲಿಡುವುದಿಲ್ಲ ಎಂದು ಅಪ್ಪನಿಗೆ ಹೇಳಿಯೇ ರೈಲು ಹತ್ತಿದೆ. ಓದುವವರು ಕ್ಷಮಿಸಬೇಕು, ಕ್ಷಮಿಸದಿದ್ದರೂ ನನಗೇನೂ ಅಡ್ಡಿಯಿಲ್ಲ.

ನನಗೆ ಸಿಕ್ಕಿದ್ದು ಕಡಲ ತೀರದ ಒಂದು ಸಣ್ಣ ಆಸ್ಪತ್ರೆ, ಅದರ ಹಿಂದೆ ತಗಡು ಹೊದಿಸಿದ ಒಂದು ಕೋಣೆ. ಊಟಕ್ಕೆ ಉಗಾಲಿ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಮುದ್ದೆ ಕಂಡದ್ದೇ ಊರಿನ ಅಭ್ಯಾಸದಂತೆ ಅಗಿಯದೆ ನುಂಗಿದೆ. ಅದು ಗಂಟಲಲ್ಲೇ ಕೂತಿತು. ಅಡುಗೆಯವಳು ಬೆನ್ನಿಗೆ ಗುದ್ದಿ ಇಳಿಸಿದಳು; ಉಗಾಲಿಯನ್ನು ಅಗಿಯಬೇಕು ಎಂದು ಇಡೀ ಊರು ಒಂದು ವಾರ ನನಗೆ ಪಾಠ ಹೇಳಿತು. ಇಲ್ಲಿ ಕಿರಿಯರು ಹಿರಿಯರಿಗೆ "ಶಿಕಮೂ" ಎನ್ನುತ್ತಾರೆ, ಪಾದ ಹಿಡಿದೆ ಎಂದು ಅರ್ಥ. ನಮ್ಮಲ್ಲಿ ಬಗ್ಗಬೇಕು, ಇಲ್ಲಿ ಬಾಯಲ್ಲೇ ಮುಗಿಯುತ್ತದೆ. ಮೊದಲ ಆರು ತಿಂಗಳು ಕನ್ನಡ ಆಡಲು ಒಂದು ಜೀವವೂ ಇರಲಿಲ್ಲ. ಸಂಜೆ ಗೋಡೆಯ ಕಡೆ ತಿರುಗಿ ಅತ್ತೆಯೊಡನೆ ಜಗಳವಾಡುತ್ತಿದ್ದೆ. ಹಾಗಾಗಿ ನನ್ನ ಕನ್ನಡ ಮರೆತುಹೋಗಲಿಲ್ಲ.

ಹೆರಿಗೆ ಕೋಣೆಗೆ ಪರದೆ ಇರಲಿಲ್ಲ. ಹಸಿರು ಸೀರೆಯನ್ನು ನಡುವೆ ಕತ್ತರಿಸಿ ಹಗ್ಗಕ್ಕೆ ಇಳಿಬಿಟ್ಟೆ. ಜರಿ ಅಂಚು ನೋಡಲೆಂದೇ ಬಸುರಿಯರು ಅದರ ಪಕ್ಕದ ಮಂಚ ಕೇಳುತ್ತಾರೆ. ರಕ್ತದ ಕಲೆ ತೊಳೆದರೂ ಹೋಗಿಲ್ಲ. ಸೊಸೆಗೆ ಉಡಿಸುವುದಾದರೆ ಈಗಲೂ ಕಳಿಸಿಕೊಡುತ್ತೇನೆ.

ಕಳೆದ ಮಳೆಗಾಲದಲ್ಲಿ ಅಪ್ಪನ ಕಾಗದ ಬಂತು. "ಅಕ್ಕನಿಗೆ ಬಲಗಡೆ ಲಕ್ವ ಹೊಡೆದಿದೆ. ಎಲ್ಲವೂ ಹಾಸಿಗೆಯಲ್ಲೇ. ಸೊಸೆ ಹತ್ತಿರ ಸುಳಿಯುವುದಿಲ್ಲ. ನೀಲಾಳನ್ನು ಕರೆಸು ಎಂದು ದಿನವೂ ಅಳುತ್ತಾಳೆ. ಹಟ ಸಾಕು, ಬಂದುಬಿಡು."

ಕರೆದೇ ಬಿಟ್ಟರು. ಗೆದ್ದೆ ಎಂದು ಒಬ್ಬಳೇ ನಕ್ಕೆ. ಟ್ರಂಕು ಎಳೆದು, ಧೂಳು ಒರೆಸಿ, ನಾಲ್ಕು ಸೀರೆ ಮಡಿಸಿಟ್ಟೆ. ಕಂಬಳಿ ಇಡುವಾಗ ಕೈ ನಿಂತಿತು. ಅತ್ತೆ ಕರೆಯುತ್ತಿದ್ದುದು ಯಾರನ್ನು? ತಮ್ಮನ ಮಗಳು ಅವರಿಗೆ ಆಗಲೂ ಬೇಕಿರಲಿಲ್ಲ, ಈಗಲೂ ಬೇಕಿಲ್ಲ. ಹೇಲು ಬಳಿಯುವ ಕೈ ಬೇಕಾಗಿತ್ತು. ಇಟ್ಟ ಸೀರೆಗಳನ್ನು ಒಂದೊಂದಾಗಿ ಹೊರಗೆ ತೆಗೆದೆ.

ಮರುದಿನ ಇನ್ನೆರಡು ವರ್ಷ ಇರುತ್ತೇನೆಂದು ಸಂಸ್ಥೆಗೆ ಸಹಿ ಮಾಡಿಕೊಟ್ಟು, ಭಾವನಿಗೆ ಕಾಗದ ಬರೆದೆ. ಕ್ಷೇಮಸಮಾಚಾರ ಕೇಳಲಿಲ್ಲ. "ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸು, ಬಿಟ್ಟರೆ ಬೆನ್ನು ಹುಣ್ಣಾಗುತ್ತದೆ. ಬೆಡ್‌ಪ್ಯಾನಿನ ಅಂಚಿಗೆ ಪೌಡರು ಹಾಕು, ಇಲ್ಲದಿದ್ದರೆ ಚರ್ಮ ಕಿತ್ತುಬರುತ್ತದೆ. ಮುಂದಿನಿಂದ ಹಿಂದಕ್ಕೆ ಒರೆಸು. ಮುಖ ಸಿಂಡರಿಸಬೇಡ, ಅವರು ನೋಡುತ್ತಿರುತ್ತಾರೆ. ಆಳಿಗೆ ಹೇಳದೆ ನೀನೇ ಮಾಡು. ಮುಗಿದ ಮೇಲೆ ಕೈ ತೊಳೆದುಕೊಂಡು ಪೂಜೆಗೆ ಕೂರು."

ಮಾಡುತ್ತಿದ್ದಾನಂತೆ. ಮೊದಲ ದಿನ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡನಂತೆ. ಅಪ್ಪ ಬೇಸರದಿಂದ ಬರೆದ ಆ ಸಾಲನ್ನು ನಾನು ಮೂರು ಸಲ ಓದಿದೆ. ಸುಳ್ಳು ಹೇಳುವುದಿಲ್ಲ, ತುಂಬ ಸಂತೋಷವಾಯಿತು.

ಆದರೆ ಒಂದು ಕಾಟ ಅಂಟಿಕೊಂಡಿದೆ. ಇಲ್ಲಿಯ ಗಡಿಯಾರ ನಮ್ಮೂರಿಗಿಂತ ಎರಡೂವರೆ ಗಂಟೆ ಹಿಂದೆ. ವಾರ್ಡಿನಲ್ಲಿ ಯಾವ ಮುದುಕಿಯ ಮಗ್ಗುಲು ಬದಲಿಸಿದರೂ, ಶಿವಮೊಗ್ಗದಲ್ಲಿ ಈಗೆಷ್ಟು ಹೊತ್ತು, ಅವನು ಬದಲಿಸಿದನೋ ಇಲ್ಲವೋ ಎಂದು ಮನಸ್ಸು ಅಲ್ಲಿಗೆ ಓಡುತ್ತದೆ. ಅತ್ತೆಯನ್ನು ಕ್ಷಮಿಸಿಲ್ಲ. ಬೆನ್ನಿಗೆ ಹುಣ್ಣಾಗಿದೆಯೇ ಎಂದು ಪ್ರತಿ ಕಾಗದದಲ್ಲೂ ಅಪ್ಪನನ್ನು ಕೇಳುತ್ತೇನೆ. ಅಪ್ಪ ಊರಿನ ಸುದ್ದಿಯನ್ನೆಲ್ಲ ಬರೆಯುತ್ತಾರೆ, ಅದೊಂದಕ್ಕೆ ಮಾತ್ರ ಉತ್ತರ ಕೊಡುವುದಿಲ್ಲ.