ನಲವತ್ತೊಂದನೇ ಸಾಲು

ಲೆಕ್ಕದ ಟೀಚರಿಗೆ ಮಕ್ಕಳು ಇಟ್ಟಿದ್ದ ಅಡ್ಡಹೆಸರು ಸ್ಕೇಲು. ಅವರು ಹೊಡೆಯುತ್ತಿದ್ದರು ಅಂತಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ಮಗುವಿನ ಮೇಲೂ ಅವರ ಕೈ ಎದ್ದದ್ದಿಲ್ಲ. ಸ್ಕೇಲ್ ಇಡದೆ ಒಂದು ಗೆರೆಯನ್ನೂ ಎಳೆಯುತ್ತಿರಲಿಲ್ಲ, ಅಷ್ಟೇ. ಅವರ ಅಂಕದ ರಿಜಿಸ್ಟರ್ ನೋಡಿದರೆ ಅಚ್ಚು ಹಾಕಿಸಿದ್ದು ಅನ್ನಬೇಕು. ನೀಲಿ ಮಸಿಯಲ್ಲಿ ಹೆಸರು, ಕೆಂಪು ಮಸಿಯಲ್ಲಿ ಅಂಕ, ಎಲ್ಲೂ ಗೀಚು ಇಲ್ಲ, ತಿದ್ದು ಇಲ್ಲ.

ಮದುವೆ ಆಗಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ, ತೀರಿಹೋದ ಅಣ್ಣನ ಹೆಂಡತಿಯ ಜೊತೆ ಇದ್ದರು. ಆ ಅತ್ತಿಗೆ ಎರಡನೇ ಕ್ಲಾಸಿನ ಆಚೆ ಓದಿದವರಲ್ಲ. ಗಂಡ ಹೋದ ಮೇಲೆ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹದಿನಾರು ವರ್ಷ ಹೊದಿಕೆ, ದಿಂಬಿನ ಚೀಲ ಎಣಿಸುವ ಕೆಲಸ ಮಾಡಿದ್ದರು. ಹೀಗಾಗಿ ಅಂಕಿ ಅಂದರೆ ನೀರು ಕುಡಿದಷ್ಟು ಸಲೀಸು. ಅಕ್ಷರ ಮಾತ್ರ ಒಂದೊಂದಾಗಿ ಕೂಡಿಸಿ ಓದಬೇಕು.

ಆರು ವರ್ಷದ ಹಿಂದೆ ಶಾಲೆಯಲ್ಲಿ ಹೊಸ ಕಟ್ಟಳೆ ಬಂತು. ಅಂಕಗಳನ್ನು ಇನ್ನು ಮುಂದೆ ಪೋರ್ಟಲ್ಲಿನಲ್ಲಿ ಹಾಕಬೇಕು, ಹೆತ್ತವರು ಫೋನಿನಲ್ಲೇ ನೋಡುತ್ತಾರೆ, ಯಾರು ಮೇಲೆ ಹೋದರು ಯಾರು ಕೆಳಗೆ ಬಂದರು ಅಂತ ಅದೇ ಗೆರೆ ಎಳೆದು ತೋರಿಸುತ್ತದೆ ಎಂದರು. ಟೀಚರಿಗೆ ಗೆರೆ ಎಳೆಯುವ ಯಂತ್ರದ ಮೇಲೆ ಸಿಟ್ಟೇನೂ ಇರಲಿಲ್ಲ. ತೊಂದರೆ ಇದ್ದದ್ದು ಕಣ್ಣಿನದು. ಕಾಗದ ನೋಡಲು ಒಂದು ಕನ್ನಡಕ, ಪರದೆ ನೋಡಲು ಇನ್ನೊಂದು. ಒಂದೊಂದು ಅಂಕಿಗೂ ಕನ್ನಡಕ ತೆಗೆದು ಹಾಕಿ, ಹಾಕಿ ತೆಗೆದು, ಎಲ್ಲಿದ್ದೆ ಅನ್ನುವುದೇ ಮರೆತುಹೋಗುತ್ತಿತ್ತು. ಅದನ್ನು ನೋಡಲಾರದೆ ಅತ್ತಿಗೆ ಒಂದು ದಿನ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತರು.

"ನೀನು ಆ ಕಡೆ ನೋಡು ಟೀಚರಮ್ಮ, ನಾನು ಈ ಕಡೆ ನೋಡ್ತೀನಿ. ಇಬ್ರದೂ ಸೇರಿಸಿದ್ರೆ ಒಂದು ಒಳ್ಳೇ ಜೊತೆ ಕಣ್ಣಾಗುತ್ತೆ."

ಅಂದಿನಿಂದ ಅದೇ ಪದ್ಧತಿ. ಅತ್ತಿಗೆ ತಲೆಯ ಪಿನ್ನು ತೆಗೆದು ರಿಜಿಸ್ಟರಿನ ಸಾಲಿನ ಕೆಳಗೆ ಅಡ್ಡ ಇಟ್ಟು ಓದುವರು: "ಒಂದು, ಎಪ್ಪತ್ತೆರಡು. ಎರಡು, ಅರವತ್ತು." ಟೀಚರು ಒತ್ತುವರು. ಹೆಸರು ಓದುವ ರೂಢಿ ಇರಲಿಲ್ಲ. ಓದಿದರೆ ಒಂದು ತರಗತಿಗೆ ಎರಡು ಸಂಜೆ ಹಿಡಿಯುತ್ತಿತ್ತು. ಆರು ವರ್ಷದಲ್ಲಿ ಒಂದೇ ಒಂದು ಅಂಕಿ ತಪ್ಪಿರಲಿಲ್ಲ.

ವರ್ಷದ ಕೊನೆಯ ಪರೀಕ್ಷೆಯ ಅಂಕಗಳನ್ನು ಆ ಶುಕ್ರವಾರ ಸಂಜೆ ಹೀಗೆಯೇ ಹಾಕಿದರು. ನಲವತ್ತೊಂದಕ್ಕೆ ಬಂದಾಗ ಅತ್ತಿಗೆಯ ಪಿನ್ನು ನಿಂತಿತು.

"ಇದ್ಯಾಕೆ ಸುತ್ತ ಗೆರೆ ಹಾಕಿದೀಯ? ಮೂವತ್ತಾರಕ್ಕೆ ಇಷ್ಟು ಮರ್ಯಾದೆನಾ?"

"ಹಿಂದಿನ ಬೆಂಚಿನ ಹುಡುಗಿ ಅತ್ತಿಗೆ. ಮೂವತ್ತೈದು ಬಂದ್ರೆ ಪಾಸು. ಹೋದ ವರ್ಷ ಫೇಲಾಗಿ ಇದೇ ಕ್ಲಾಸಲ್ಲಿ ಉಳಿದ್ಲು. ಈ ಸಲನೂ ಆಗ್ಲಿಲ್ಲ ಅಂದ್ರೆ ಬಟ್ಟೆ ಕಾರ್ಖಾನೆಗೆ ಕಳಿಸ್ತೀನಿ ಅಂತ ಅವರಮ್ಮ ನನ್ನೆದುರಿಗೇ ಹೇಳಿದಾರೆ."

"ಗೆದ್ಲು ಬಿಡು," ಎಂದು ಅತ್ತಿಗೆ ಪಿನ್ನನ್ನು ಕೆಳಗೆ ಜರುಗಿಸಿದರು. "ನಲವತ್ತೆರಡು, ಇಪ್ಪತ್ತೊಂಬತ್ತು. ನಲವತ್ಮೂರು, ಎಪ್ಪತ್ತೊಂದು. ಮುಗೀತು. ಏಳು, ಟೀ ಇಡ್ತೀನಿ."

ಶನಿವಾರ ಪೋರ್ಟಲ್ಲಿಗೆ ಬೀಗ ಬಿತ್ತು. ಸೋಮವಾರ ಬೆಳಿಗ್ಗೆ ಅಂಕಗಳು ಎಲ್ಲರ ಫೋನಿಗೆ ಹೋದವು.

ಅಂದು ಟೀಚರು ಶಾಲೆಯ ಗೇಟು ಮುಟ್ಟುವ ಹೊತ್ತಿಗೆ ಇಸ್ತ್ರಿ ಅಂಗಡಿಯವನು ಅಲ್ಲಿ ನಿಂತಿದ್ದ. ಕೈಯಲ್ಲಿ ಫೋನು. ಮುಖ ಅಂಗೈಯಷ್ಟು ಸಣ್ಣದಾಗಿತ್ತು.

"ಟೀಚರ್, ನನ್ನ ಫೋನು ಹಾಳಾಗಿದೆಯೇನೋ ಅಂತ ಪಕ್ಕದಂಗಡಿಯವನ ಫೋನಲ್ಲೂ ನೋಡಿದೆ. ಅದ್ರಲ್ಲೂ ಮೂವತ್ನಾಲ್ಕೇ ಇದೆ."

"ಯಾರಿಗೆ?"

"ನನ್ನ ಮಗಳಿಗೆ. ಗೋಡೆ ಕಡೆ ಮುಖ ಮಾಡಿ ಕೂತವಳು ಈ ಕಡೆ ತಿರುಗ್ತಾನೇ ಇಲ್ಲ."

ಆ ಹುಡುಗಿಯ ಉತ್ತರಪತ್ರಿಕೆಗೆ ತೊಂಬತ್ತಾರು ಹಾಕಿದ್ದು ಅವರೇ. ತರಗತಿಗೇ ಹೆಚ್ಚು. ದೊಡ್ಡ ಶಾಲೆಯೊಂದು ಪ್ರತಿ ವರ್ಷ ಇಲ್ಲಿಂದ ಐದು ಮಕ್ಕಳನ್ನು ಕರೆದುಕೊಂಡು, ಹಾಸ್ಟೆಲ್ ಕೊಟ್ಟು, ವಿಜ್ಞಾನ ಓದಿಸುತ್ತಿತ್ತು. ಆ ಐದು ಹೆಸರನ್ನು ಅಂದು ಸಂಜೆ ನಾಲ್ಕು ಗಂಟೆಗೆ ಸರಿಯಾಗಿ ಪೋರ್ಟಲ್ಲೇ ಎಲ್ಲ ವಿಷಯದ ಅಂಕ ಕೂಡಿಸಿ ಆರಿಸಿ ಕಳಿಸುವುದಿತ್ತು. ಕಳಿಸಿದ ಮೇಲೆ ಮುಗಿಯಿತು, ಬ್ರಹ್ಮ ಬಂದರೂ ಬದಲಿಲ್ಲ.

"ಅವಳಿಗೆ ತೊಂಬತ್ತಾರು," ಎಂದರು ಟೀಚರು.

"ಹಂಗಾದ್ರೆ ಈ ಮೂವತ್ನಾಲ್ಕು ಯಾರದು?"

ಅದನ್ನು ಹುಡುಕಲು ಒಂದು ಗಂಟೆ ಬೇಕಾಯಿತು. ಪರದೆಯಲ್ಲಿ ಎಲ್ಲ ಸರಿಯಾಗಿಯೇ ಇತ್ತು. ನಲವತ್ಮೂರು ಮಕ್ಕಳು, ನಲವತ್ಮೂರು ಅಂಕ. ಕೂಡಿದರೆ ಮೊತ್ತ ಸರಿ, ಸರಾಸರಿ ಸರಿ. ಕೊನೆಗೆ ಹನ್ನೆರಡನೇ ಸಾಲಿನಲ್ಲಿ ಕಣ್ಣು ನಿಂತಿತು. ಅಲ್ಲಿ ಮೂರು ತಿಂಗಳ ಹಿಂದೆ ಬೇರೆ ಶಾಲೆಯಿಂದ ಬಂದು ಸೇರಿದ ಹುಡುಗಿಯ ಹೆಸರಿತ್ತು. ಟೀಚರು ತಮ್ಮ ರಿಜಿಸ್ಟರಿನಲ್ಲಿ, ಬರೆದದ್ದನ್ನು ಕೆಡಿಸಬಾರದೆಂದು, ಅವಳನ್ನು ಕಟ್ಟಕಡೆಗೆ, ನಲವತ್ಮೂರನೆಯವಳಾಗಿ ಬರೆದಿದ್ದರು. ಪೋರ್ಟಲ್ಲು ಅವಳನ್ನು ಅಕ್ಷರದ ಸಾಲಿನ ಪ್ರಕಾರ ಮಧ್ಯಕ್ಕೆ ತೂರಿಸಿತ್ತು. ಹನ್ನೆರಡರಿಂದಾಚೆ ಪ್ರತಿ ಮಗುವಿಗೂ ಅದರ ಮುಂದಿನ ಮಗುವಿನ ಅಂಕ ಹೋಗಿ ಕುಳಿತಿತ್ತು. ಇಸ್ತ್ರಿ ಅಂಗಡಿಯವನ ಮಗಳ ತೊಂಬತ್ತಾರು, ರಿಜಿಸ್ಟರಿನಲ್ಲಿ ಅವಳಿಗಿಂತ ಒಂದು ಸಾಲು ಮೇಲಿದ್ದ ಕಂಡಕ್ಟರನ ಮಗಳ ಪಾಲಾಗಿತ್ತು. ಆ ಹುಡುಗಿ ಬೆಳಿಗ್ಗೆಯಿಂದ ಬೀದಿಯೆಲ್ಲ ಕುಣಿಯುತ್ತಿದ್ದಳಂತೆ.

ಒಬ್ಬರಲ್ಲ, ಇಬ್ಬರಲ್ಲ, ಮೂವತ್ತೆರಡು ಮಕ್ಕಳು.

ಹೆಡ್‌ಮೇಷ್ಟ್ರು ಕೇಳಿಸಿಕೊಂಡು ಎರಡು ಕೈಯಲ್ಲೂ ತಲೆ ಹಿಡಿದರು.

"ನಿಮ್ಮಂಥೋರೇ ಹೀಗೆ ಮಾಡಿದ್ರೆ ನಾನು ಯಾರಿಗೆ ಹೇಳ್ಲಿ ಟೀಚರ್? ಬೀಗ ನನ್ನ ಕೈಲಿಲ್ಲ. ಮೇಲಿನ ಆಫೀಸಿನವರೇ ತೆಗೀಬೇಕು."

"ಫೋನ್ ಮಾಡಿ ಸಾರ್."

"ಮಾಡ್ತೀನಿ. ತಪ್ಪು ನನ್ನದೇ ಅಂತ ನೀವು ಬರೆದುಕೊಡಬೇಕಾಗುತ್ತೆ."

"ಎಷ್ಟು ಸಲ ಬೇಕಾದ್ರೂ ಬರೆದುಕೊಡ್ತೀನಿ."

ಬರೆದುಕೊಟ್ಟರು. ಸ್ಕೇಲಿಲ್ಲದೆ ಬರೆದ ಮೊದಲ ಕಾಗದ ಅದು. ಸಾಲುಗಳು ಇಳಿಜಾರಾಗಿ ಹೋಗಿದ್ದವು. ಮೇಲಿನ ಆಫೀಸಿನವರು ಕೋರಿಕೆಗೆ ಒಂದು ಸಂಖ್ಯೆ ಕೊಟ್ಟರು. ನಿಮ್ಮ ಮುಂದೆ ನೂರಾ ಹದಿನಾಲ್ಕು ಶಾಲೆಗಳಿವೆ, ಕಾಯಿರಿ ಎಂದರು.

ಕಾದರು. ರಿಜಿಸ್ಟರ್ ಮನೆಯಲ್ಲಿತ್ತು; ಟೀಚರು ಫೋನ್ ಮಾಡಿ ತರಹೇಳಿದರು. ಮಧ್ಯಾಹ್ನ ಅತ್ತಿಗೆ ಅದನ್ನೂ ಕಾಗದ ನೋಡುವ ಕನ್ನಡಕವನ್ನೂ ಚೀಲದಲ್ಲಿ ಹಾಕಿಕೊಂಡು ಏದುಸಿರು ಬಿಡುತ್ತಾ ಬಂದರು. ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಜವಾನ ಅಡ್ಡ ನಿಂತ.

"ಹೊರಗಿನೋರು ಒಳಗೆ ಬರೋ ಹಾಗಿಲ್ಲಮ್ಮ."

"ನಾನು ಹೊರಗಿನವಳಲ್ಲಪ್ಪ, ಅವಳ ಕನ್ನಡಕ. ಪಕ್ಕಕ್ಕೆ ಸರಿ."

ಜವಾನ ನಗುತ್ತಾ ಸರಿದ. ಟೀಚರು ನಗಲಿಲ್ಲ. ಅತ್ತಿಗೆ ಕುರ್ಚಿಯ ತುದಿಯಲ್ಲಿ ಕುಳಿತು ಮೆಲ್ಲನೆ ಕೇಳಿದರು.

"ನಿಜ ಹೇಳು. ನಾನು ತಪ್ಪಾಗಿ ಓದಿದ್ನಾ?"

"ಇಲ್ಲ ಅತ್ತಿಗೆ. ನೀವು ಸರಿಯಾಗೇ ಓದಿದ್ರಿ, ನಾನು ಸರಿಯಾಗೇ ಒತ್ತಿದೆ. ಆದ್ರೂ ಎಲ್ಲ ತಪ್ಪಾಯ್ತು."

ಮೂರು ಇಪ್ಪತ್ತಕ್ಕೆ ಬೀಗ ತೆರೆಯಿತು. ನಾಲ್ಕಕ್ಕೆ ಮತ್ತೆ ಬೀಳುತ್ತದೆ; ಉಳಿದದ್ದು ನಲವತ್ತು ನಿಮಿಷ. ಒಂದೊಂದು ಹೆಸರನ್ನೂ ಒತ್ತಿ, ಹಳೆಯ ಅಂಕ ಅಳಿಸಿ, ಹೊಸದು ಹಾಕಿ, ಯಾಕೆ ತಿದ್ದಿದಿರಿ ಅನ್ನುವುದಕ್ಕೆ ಕಾರಣ ಆರಿಸಿ, ಉಳಿಸಬೇಕು. ಉಳಿಸಿದ ಮೇಲೆ ಪರದೆಯ ಮಧ್ಯೆ ಒಂದು ಸಣ್ಣ ಚಕ್ರ ತಿರುಗುತ್ತದೆ. ಅದು ನಿಲ್ಲುವ ತನಕ ಮುಂದಿನದಿಲ್ಲ. ಎಲ್ಲ ಶಾಲೆಗಳೂ ಅದೇ ಹೊತ್ತಿಗೆ ಮುಗಿಬಿದ್ದಿದ್ದವು. ಚಕ್ರ ಸೋತ ಎತ್ತಿನ ಹಾಗೆ ತಿರುಗುತ್ತಿತ್ತು.

"ಮೊದಲು ಇಸ್ತ್ರಿಯವರ ಹುಡುಗಿ," ಎಂದರು ಟೀಚರು. "ಆಮೇಲೆ ಕಂಡಕ್ಟರ್ ಮಗಳು. ಅವೆರಡು ಸರಿಯಾದ್ರೆ ಸೀಟು ಉಳಿಯುತ್ತೆ. ಆಮೇಲೆ ಹನ್ನೆರಡರಿಂದ ಸಾಲಾಗಿ ಓದಿ. ಬರೀ ಅಂಕಿ ಓದಿ, ಬೇಗ ಆಗುತ್ತೆ."

"ಊಹೂಂ. ಅಂಕಿ ನಂಬಿದ್ದು ಸಾಕು. ಹೆಸರೂ ಓದ್ತೀನಿ."

ವಾದ ಮಾಡಲು ಪುರುಸೊತ್ತಿರಲಿಲ್ಲ. ಮಾಡಲು ಧೈರ್ಯವೂ ಇರಲಿಲ್ಲ. ಇನ್ನೊಮ್ಮೆ ಸಾಲು ಜರುಗಿದರೆ ತಿದ್ದಲು ಯಾರೂ ಬಾಗಿಲು ತೆರೆಯುವುದಿಲ್ಲ. ಅತ್ತಿಗೆ ಪಿನ್ನು ಇಟ್ಟು, ತುಟಿ ಆಡಿಸಿ, ಒತ್ತಕ್ಷರದ ಹತ್ತಿರ ನಿಂತು, ಮತ್ತೆ ಕೂಡಿಸಿ, ಹೆಸರು ಓದಿದರು. ತೊಂಬತ್ತಾರು ತನ್ನ ಜಾಗಕ್ಕೆ ಬಂತು. ಚಕ್ರ ತಿರುಗಿ ನಿಂತಿತು. ಕಂಡಕ್ಟರನ ಮಗಳಿಗೆ ಐವತ್ತೆಂಟು. ಟೀಚರು ಆ ಐವತ್ತೆಂಟನ್ನು ಒತ್ತುವಾಗ ಬೀದಿಯಲ್ಲಿ ಕುಣಿಯುವ ಕಾಲುಗಳು ಕಣ್ಣೆದುರಿಗೆ ಬಂದವು. ತಲೆ ಕೊಡವಿ ಮುಂದೆ ಹೋದರು.

ಹನ್ನೆರಡು. ಹದಿಮೂರು. ಹದಿನಾಲ್ಕು. ಅತ್ತಿಗೆಯ ಹಣೆಯಲ್ಲಿ ಬೆವರು ಸಾಲಿಟ್ಟಿತು. ಹೆಡ್‌ಮೇಷ್ಟ್ರು ಬಾಗಿಲಲ್ಲಿ ಬಂದು ಗಡಿಯಾರ ನೋಡುವುದು, ಹೋಗುವುದು, ಮತ್ತೆ ಬರುವುದು. ಇಪ್ಪತ್ತಾರು. ಮೂವತ್ತು. ನಡುವೆ ಒಮ್ಮೆ ಚಕ್ರ ಅರ್ಧ ಸುತ್ತಿನಲ್ಲೇ ಮೂರು ನಿಮಿಷ ಸಿಕ್ಕಿಕೊಂಡಿತು. ಟೀಚರು ಮೇಜನ್ನು ಎರಡು ಕೈಯಲ್ಲಿ ಹಿಡಿದು, "ತಿರುಗು, ತಿರುಗು ನನ್ನಪ್ಪ," ಎಂದು ಅದಕ್ಕೆ ಗೋಗರೆದರು.

"ಮೂವತ್ತೆಂಟು," ಎಂದು ಅತ್ತಿಗೆ ಹೆಸರು ಕೂಡಿಸಿ ಓದಿದರು, "ಅರವತ್ಮೂರು."

ಒತ್ತಿದರು, ಉಳಿಸಿದರು. ಚಕ್ರ ನಿಂತಿತು. ಮುಂದಿನ ಹೆಸರಿನ ಮೇಲೆ ಬೆರಳಿಡುವಷ್ಟರಲ್ಲಿ ಪರದೆ ಬೂದಿ ಬಣ್ಣಕ್ಕೆ ತಿರುಗಿತು. ನಾಲ್ಕು ಗಂಟೆ.

ಹೆಡ್‌ಮೇಷ್ಟ್ರು ಒಳಗೆ ಓಡಿಬಂದರು. "ಹೋಯ್ತು ಟೀಚರ್, ಐದೂ ಹೆಸರು ಹೋಯ್ತು! ಇಸ್ತ್ರಿಯವನ ಮಗಳು ಎರಡನೇದು! ಬದುಕಿದ್ವಿ!"

ಟೀಚರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಅತ್ತಿಗೆ ಮಾತ್ರ ಪಿನ್ನನ್ನು ಎತ್ತಿರಲಿಲ್ಲ.

"ಇನ್ನೂ ಐದು ಸಾಲು ಇದೆ," ಎಂದರು. ಓದುವ ಕೆಲಸ ಮುಗಿಯದೆ ಎದ್ದು ಅಭ್ಯಾಸವಿಲ್ಲ ಅವರಿಗೆ. "ಮೂವತ್ತೊಂಬತ್ತು, ಐವತ್ತೆರಡು. ನಲವತ್ತು, ನಲವತ್ತೇಳು. ನಲವತ್ತೊಂದು..."

ಅಲ್ಲಿಗೆ ಧ್ವನಿ ನಿಂತಿತು. ಅಂಕಿಯ ಸುತ್ತ ಕೆಂಪು ಗೆರೆ ಇತ್ತು.

ಟೀಚರು ಕಣ್ಣು ತೆರೆದರು. ಯಾವ ಹೆಸರೆಂದು ಕೇಳಬೇಕಾಗಿರಲಿಲ್ಲ. ಬೂದಿ ಪರದೆಯ ಮೇಲೆ ಆ ಹುಡುಗಿಯ ಮುಂದೆ ಇಪ್ಪತ್ತೊಂಬತ್ತು ಇತ್ತು. ಪಕ್ಕದಲ್ಲಿ ಕೆಂಪು ಚುಕ್ಕೆ. ಮೊದಲ ಐದು ನಿಮಿಷದಲ್ಲಿ ಅದೊಂದನ್ನು ಸರಿಮಾಡಬಹುದಿತ್ತು. ತಮ್ಮ ಕೈಯಾರೆ ಗೆರೆ ಸುತ್ತಿದ ಅಂಕಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಒಮ್ಮೆಯೂ ನೆನಪಿಗೆ ಬರಲಿಲ್ಲ. ತೊಂಬತ್ತಾರೇ ಕಣ್ಣು ತುಂಬಾ ಇತ್ತು.

"ನಾನು ಹೆಸರು ಓದ್ತೀನಿ ಅಂತ ಹಟ ಹಿಡೀದೇ ಇದ್ದಿದ್ರೆ..." ಎಂದರು ಅತ್ತಿಗೆ.

"ಅಲ್ಲ ಅತ್ತಿಗೆ. ಅಲ್ಲ."

"ಮರುಪರಿಶೀಲನೆಗೆ ಬರೀರಿ," ಎಂದರು ಹೆಡ್‌ಮೇಷ್ಟ್ರು. "ಮೂರು ವಾರ ಆಗುತ್ತೆ. ಆಗುತ್ತೆ ಅನ್ನೋ ಖಾತ್ರಿ ನಾನು ಕೊಡಲ್ಲ. ಐದೇ ಮಕ್ಕಳಲ್ವಾ, ನೋಡೋಣ."

ಟೀಚರು ಅದನ್ನೂ ಬರೆದುಕೊಟ್ಟರು. ಬೀರುವಿನಿಂದ ಆ ಹುಡುಗಿಯ ಉತ್ತರಪತ್ರಿಕೆ ತೆಗೆದುಕೊಂಡು ಹೊರಟರು. ಅತ್ತಿಗೆ ಹಿಂದೆಯೇ ಬಂದರು.

ಅವಳ ಮನೆ ನೀರಿನ ಟ್ಯಾಂಕಿನ ಹಿಂದಿನ ಓಣಿಯಲ್ಲಿ. ಆಸ್ಪತ್ರೆ ಗುಡಿಸುವ ಕೆಲಸದಿಂದ ಆಗಷ್ಟೇ ಬಂದ ತಾಯಿ ಬಾಗಿಲಲ್ಲೇ ನಿಂತಿದ್ದಳು.

"ನೋಡಿದ್ವಿ ಟೀಚರ್. ಇಪ್ಪತ್ತೊಂಬತ್ತು. ನೀವು ಬರಬೇಕಾಗಿರಲಿಲ್ಲ."

"ತಪ್ಪು ನನ್ನದಮ್ಮ. ಅವಳು ಪಾಸಾಗಿದಾಳೆ. ಇಲ್ನೋಡಿ, ಮೂವತ್ತಾರು."

ತಾಯಿ ಕಾಗದ ಮುಟ್ಟಲಿಲ್ಲ. ದೂರದಿಂದಲೇ ನೋಡಿದಳು.

"ಅವಳೂ ಅದೇ ಅಂದ್ಲು. ಎಣಿಸಿದೀನಿ ಕಣಮ್ಮ, ಮೂವತ್ತಾರು ಬಂದೇ ಬರುತ್ತೆ ಅಂತ. ಫೋನಲ್ಲಿ ಬೇರೆ ಇದೆಯಲ್ಲ ಅಂತ ಬೆನ್ನಿಗೆ ಎರಡು ಬಾರಿಸಿದೆ. ನನ್ನ ಮಗಳ ಮಾತಿಗಿಂತ ಫೋನು ಹೆಚ್ಚಾಯ್ತು ನನಗೆ."

"ಎಲ್ಲಿ ಅವಳು?"

"ಬೆಳಿಗ್ಗೆನೇ ಅವಳ ಚಿಕ್ಕಮ್ಮನ ಜೊತೆ ಕಳಿಸಿದೆ. ಕಾರ್ಖಾನೆಗೆ."

ಟೀಚರು ಮೆಟ್ಟಿಲ ಮೇಲೆ ಕುಳಿತರು. ಅತ್ತಿಗೆ ಪಕ್ಕದಲ್ಲಿ ಕುಳಿತರು. ತಾಯಿ ಒಳಗೂ ಹೋಗದೆ ಹೊರಗೂ ಬರದೆ ಚೌಕಟ್ಟು ಹಿಡಿದು ನಿಂತೇ ಇದ್ದಳು. ಆರು ಗಂಟೆಗೆ ಓಣಿಯ ತುದಿಯಲ್ಲಿ ಕಾರ್ಖಾನೆಯ ಬಸ್ಸು ನಿಂತು ಹೆಂಗಸರು ಇಳಿಯತೊಡಗಿದರು. ಅತ್ತಿಗೆ ರೂಢಿಯಂತೆ ಬಾಯಲ್ಲೇ ಎಣಿಸುತ್ತಿದ್ದರು. ಹದಿನೇಳನೆಯವಳು ಇವಳು. ಕೂದಲಲ್ಲಿ ನೂಲಿನ ಎಳೆಗಳು ಸಿಕ್ಕಿಕೊಂಡಿದ್ದವು.

ಟೀಚರನ್ನು ಕಂಡು ಹುಡುಗಿ ತಲೆ ತಗ್ಗಿಸಿದಳು. ಟೀಚರು ಎದ್ದು ಕಾಗದ ಚಾಚಿದರು. ಹುಡುಗಿ ಅದನ್ನು ಹಿಡಿದು ಮೊದಲ ಪುಟದ ಕೆಂಪು ಅಂಕಿ ನೋಡಿದಳು, ಆಮೇಲೆ ಒಂದೊಂದೇ ಪುಟ ತಿರುಗಿಸಿ, ತುಟಿ ಆಡಿಸುತ್ತಾ, ತಾನೇ ಇನ್ನೊಂದು ಸಲ ಕೂಡಿದಳು. ಮೂವತ್ತಾರು.

"ನಾನು ಹೇಳಿದ್ನಲ್ಲಮ್ಮ," ಎಂದಳು ತಾಯಿಗೆ. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ನಾಳೆ ಶಾಲೆಗೆ ಬಾ," ಎಂದರು ಟೀಚರು. "ನಾನೇ ಎಲ್ಲ ಸರಿಮಾಡಿಸ್ತೀನಿ."

"ನಾಳೆ ಎಂಟಕ್ಕೆ ಬರಬೇಕು ಅಂದಿದಾರೆ ಟೀಚರ್. ಹೆಸರು ಬರ್ಕೊಂಡಿದಾರೆ."

"ಎಲ್ಲಿ ಬರ್ಕೊಂಡಿದಾರೆ?"

"ಒಂದು ದೊಡ್ಡ ರಿಜಿಸ್ಟರಲ್ಲಿ. ಕಟ್ಟಕಡೆಗೆ."

ತಾಯಿ ಸೆರಗಿನ ತುದಿಯಿಂದ ಮಗಳ ಕೂದಲಿನ ನೂಲನ್ನು ಒಂದೊಂದಾಗಿ ತೆಗೆಯತೊಡಗಿದಳು. ಟೀಚರು ಕಾಗದ ನೋಡುವ ಕನ್ನಡಕ ತೆಗೆದು ಚೀಲಕ್ಕೆ ಹಾಕಿದರು.

"ನಾಳೆ ಎಂಟಕ್ಕೆ ನಾನೂ ಆ ಗೇಟಿಗೆ ಬರ್ತೀನಿ," ಎಂದರು. "ಆ ಹೆಸರು ಹೊಡೆದುಹಾಕಿಸೋ ತನಕ ಅಲ್ಲಿಂದ ಕದಲಲ್ಲ."

"ಹೊಡೆದುಹಾಕ್ತಾರಾ?" ಎಂದಳು ಹುಡುಗಿ.

ಅತ್ತಿಗೆ ತಲೆಯ ಪಿನ್ನು ಸರಿಮಾಡಿಕೊಂಡು, "ಏಳೂವರೆಗೇ ಹೋಗೋಣ," ಎಂದರು. "ಆ ರಿಜಿಸ್ಟರಲ್ಲಿ ಇವಳ ಹೆಸರಿನ ಸಾಲು ಹುಡುಕೋಕೆ ನನಗೆ ಹೊತ್ತಾಗುತ್ತೆ."