ಅರಿಶಿನಕುಂಟೆಯಲ್ಲಿ ರಸ್ತೆ ದಾಟಿದ್ದು

ಶಿವಗಂಗೆಗೆ ಹೊರಟಿದ್ದ ನಮ್ಮ ಬಸ್ಸು ಅರಿಶಿನಕುಂಟೆಯ ಬಳಿ ಕೆಟ್ಟು ನಿಂತಿತು. ಬೆಂಗಳೂರಿಗೆ ಹಿಂದಿರುಗೋಣವೆಂದರೆ ಬಸ್ಸು ಹಿಡಿಯಬೇಕಾದದ್ದು ಹೆದ್ದಾರಿಯ ಆಚೆ ಬದಿಯಲ್ಲಿ. ಲಾರಿಗಳು ಒಂದರ ಹಿಂದೊಂದು ನುಗ್ಗಿ ಬರುತ್ತಿದ್ದವು. ಮಗಳನ್ನು ಎತ್ತಿಕೊಂಡು ರಸ್ತೆಗೆ ಕಾಲಿಡುತ್ತಿದ್ದಂತೆ, ಹುಲ್ಲಿನ ಹೊರೆ ಇಳಿಸಿ ನಿಂತಿದ್ದ ಹೆಂಗಸೊಬ್ಬಳು ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಒಬ್ರೇ ದಾಟ್‌ಬ್ಯಾಡಿ ಕಣವ್ವಾ. ನಮ್ಮೂರಾಗೆ ಯಾರೂ ಒಬ್ರೇ ದಾಟಾಕಿಲ್ಲ. ಹೋದ ಸುಗ್ಗೀಲಿ ನಮ್ಮ ವಾರಗಿತ್ತಿ ಇಲ್ಲೇ ಲಾರಿಗೆ ಸಿಕ್ಕಿ ಹೋಗ್ಬಿಟ್ಳು."

ನನ್ನ ಕೈ ಬಿಡದೆ, ಇನ್ನೊಂದು ಕೈಯಲ್ಲಿ ಸೆರಗು ಬೀಸುತ್ತಾ ಅವಳು ರಸ್ತೆಗಿಳಿದಳು. ಕಲ್ಲು ತುಂಬಿದ ಲಾರಿಯೊಂದು ಕಿರುಗುಟ್ಟುತ್ತಾ ನಿಂತೇಬಿಟ್ಟಿತು. ಇಬ್ಬರೂ ಆಚೆ ಬದಿ ಸೇರಿದೆವು.

"ನಿಮ್ಮ ಮನೆ ಈ ಕಡೆಯಾ?" ಎಂದು ಕೇಳಿದೆ.

"ಇಲ್ಲವ್ವಾ, ಆ ಕಡೆ. ನಿಮ್ಮನ್ನ ದಾಟ್ಸಾಕೆ ಬಂದೆ."

ಹಾಗಾದರೆ ಅವಳು ಯಾರ ಜೊತೆ ಹಿಂದಿರುಗಬೇಕು? ಅಷ್ಟರಲ್ಲಿ ಬೆಂಗಳೂರಿನ ಬಸ್ಸು ಬಂತು. ಬೇಗ ಹತ್ತಿ ಎಂದು ಕಂಡಕ್ಟರ್ ಕೂಗಿದ. ನಾನು ಹತ್ತಲಿಲ್ಲ. ಆ ಕಡೆಗೆ ದಾಟುವವರು ಯಾರಾದರೂ ಬರಲೆಂದು ಇಬ್ಬರೂ ಹುಣಸೆಮರದ ನೆರಳಿನಲ್ಲಿ ನಿಂತೆವು. ನನ್ನ ತೋಳು ಸೋತದ್ದನ್ನು ಕಂಡು ಮಗಳನ್ನು ಅವಳೇ ಎತ್ತಿಕೊಂಡಳು.