ಇಲ್ಲ ಎನ್ನುವ ಮರ್ಯಾದೆ

ಈವತ್ತು ಮಧ್ಯಾಹ್ನ ನ್ಯಾಮತಿಯ ನಮ್ಮ ಕಂಪ್ಯೂಟರ್ ಸೆಂಟರಿನಲ್ಲಿ ಹಳೆಯ ಡಬ್ಬಿಯೊಂದರ ಮುಚ್ಚಳ ಬಿಚ್ಚಿದೆ. ಬಿಸಿಯಾದ ಧೂಳಿನ ವಾಸನೆ ಬಂತು. ಆ ವಾಸನೆಗೆ ನನಗೆ ಹಿತವಾದ ಜೋಂಪು ಹತ್ತುತ್ತದೆ, ಏನು ಮಾಡಲಿ ಹೇಳಿ!

ಅದು ನಮ್ಮ ಫೈರ್‌ವಾಲ್. ಯಾರೋ ಎಸೆದ ಕಂಪ್ಯೂಟರು. ಅದರೊಳಗೆ, ಬೇಕಾದವರು ತಿದ್ದಿಕೊಳ್ಳಿ ಎಂದು ಎಲ್ಲಿಯವರೋ ಪುಣ್ಯಾತ್ಮರು ಬರೆದು ಹಂಚಿದ ಸಾಫ್ಟ್‌ವೇರು. ಹೊರಗಿನಿಂದ ಬರುವ ಪ್ರತಿ ಸಂಪರ್ಕವನ್ನೂ ಬಾಗಿಲಲ್ಲೇ ನಿಲ್ಲಿಸಿ, ಒಳಗೆ ಬಿಡಬೇಕೋ ಬೇಡವೋ ನೋಡುತ್ತದೆ. ಮೊದಲು ಐಪಿಚೈನ್ಸ್ ಎಂಬ ಸಾಫ್ಟ್‌ವೇರು ಇತ್ತು. ಬಂದವರನ್ನೆಲ್ಲ ಪ್ರತಿ ಸಲವೂ ಹೊಸಬರಂತೆ ನೋಡುವ ಮರೆಗುಳಿ ಅದು. ಆಮೇಲೆ ಬಂದ ಐಪಿಟೇಬಲ್ಸ್‌ಗೆ ನೆನಪಿತ್ತು. ಒಳಗಿನವರೇ ಕರೆದದ್ದು ಯಾರನ್ನೆಂದು ಗುರುತಿಟ್ಟುಕೊಳ್ಳುತ್ತಿತ್ತು. ಈಗ ಎನ್ಎಫ್‌ಟೇಬಲ್ಸ್ ಕಾಲ. ಒಂದೊಂದು ಬದಲಾದಾಗಲೂ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬ ನಿಯಮಗಳನ್ನೆಲ್ಲ ನಾನು ಮೊದಲಿನಿಂದ ಬರೆದು, ನನ್ನನ್ನೇ ಹೊರಗೆ ಹಾಕಿ ಬೀಗ ಜಡಿದುಕೊಂಡಿದ್ದೂ ಉಂಟು.

ಇದನ್ನು ಕಲಿತದ್ದು ಸೆಂಟರಿನ ಪಾಲುದಾರ ಮಹಾದೇವಣ್ಣನ ಜೊತೆ. ಬೇಡದವರನ್ನು ತಡೆಯಲು ಎರಡು ದಾರಿ: ಮಾತಿಲ್ಲದೆ ಬೀಳಿಸಿಬಿಡುವುದು, ಇಲ್ಲವೇ ಪ್ರವೇಶವಿಲ್ಲ ಎಂದು ಮರಳಿ ಹೇಳುವುದು. ನಾನು ಮೊದಲನೆಯದನ್ನು ಬರೆಯುತ್ತಿದ್ದೆ. ಮನೆಯಲ್ಲಿ ಜನರಿದ್ದಾರೆಂದು ಕಳ್ಳನಿಗೆ ಯಾಕೆ ತಿಳಿಸಬೇಕು? ಚಹಾ ಕುಡಿದು ಬರುವಷ್ಟರಲ್ಲಿ ಮಹಾದೇವಣ್ಣ ಅದನ್ನು ಎರಡನೆಯದಕ್ಕೆ ತಿದ್ದಿರುತ್ತಿದ್ದ.

“ಬಾಗ್ಲಿಗೆ ಬಂದು ಕೂಗಿದೋರಿಗೆ ಇಲ್ಲ ಅಂತನಾದ್ರೂ ಹೇಳ್ಬೇಕ್ರೀ. ಸುಮ್ನೆ ಕಾಯಿಸಾಕೆ ಹೆಂಗೆ ಮನಸ್ಸು ಬರ್ತೈತೆ?”

ಇದೆಂಥ ಹುಚ್ಚು ಎಂದು ರೇಗುತ್ತಿದ್ದೆ. ಆದರೆ ಆ ಹುಚ್ಚಿನ ಬೇರು ನನಗೆ ಗೊತ್ತಿತ್ತು. ಅವನ ತಮ್ಮ ಬಿಳಿಚೋಡಿನಲ್ಲಿದ್ದಾನೆ. ಕುರಿ ಹಂಚಿಕೊಳ್ಳುವಾಗ ಬಂದ ಮಾತಿಗೆ ಅಣ್ಣನ ಜೊತೆ ಮಾತು ಬಿಟ್ಟವನು. ಹಬ್ಬ ಬಂದಾಗಲೆಲ್ಲ ಮಹಾದೇವಣ್ಣ ಫೋನು ಮಾಡುತ್ತಾನೆ, ಬರಲಾ ಎಂದು ಮೆಸೇಜು ಹಾಕುತ್ತಾನೆ. ಆ ಕಡೆಯಿಂದ ಒಂದು ಬೈಗುಳವೂ ಇಲ್ಲ. ರಿಂಗಾಗಿ ರಿಂಗಾಗಿ ನಿಂತ ಫೋನನ್ನು ಹಿಡಿದುಕೊಂಡೇ ಕೂರುವ ಅವನನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಹೀಗೆ ಯೋಚಿಸುತ್ತ, ಫ್ಯಾನಿನ ಗುಂಯ್‌ಗುಡುವಿಕೆಗೆ ತೂಕಡಿಸುತ್ತ, ಹೊಸ ನಿಯಮಗಳನ್ನು ಬರೆಯುತ್ತಿದ್ದೆ. ಮಹಾದೇವಣ್ಣ ಒಳಗೆ ಬಂದು ಫೋನನ್ನು ನನ್ನ ಮುಂದೆ ಹಿಡಿದ. ತಮ್ಮನ ಹೆಸರಿನ ಕೆಳಗೆ ಒಂದೇ ಪದ: ಬರಬ್ಯಾಡ.

ಅವನ ಮುಖ ನೋಡಿದೆ. ಕಣ್ಣು ತುಂಬಿತ್ತು, ಆದರೆ ನಗುತ್ತಿದ್ದ.

“ಮಾತಾಡ್ದ ನೋಡ್ರಿ,” ಎಂದ. “ನಾಳೆ ಮೊದಲ್ನೇ ಬಸ್ಸಿಗೆ ಹೋಗ್ತೀನಿ.”